ಮೂರಾದ ಮೇಲೆ ಐದು

ಮನೆಯಿಂದ, ಮೆಟ್ಟಿಲ ಕೆಳಗಿನ ನನ್ನ ಕೋಣೆ
ಹತ್ತೊಂಬತ್ತನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಲಾಟೀನಮ್ಮನಿಗೆ,

ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಹೋದ ಭಾನುವಾರ ನಾನು ಹನ್ನೊಂದು ದೆವ್ವಗಳನ್ನು ಬರಿಗೈಯಲ್ಲಿ ಸೋಲಿಸಿದೆ. ಅವುಗಳಲ್ಲಿ ಎರಡಕ್ಕೆ ತಲೆಯೇ ಇರಲಿಲ್ಲ, ಒಂದಕ್ಕೆ ಇತ್ತು, ಆದರೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿತ್ತು. ನನ್ನ ಮುಖ ನೋಡಿದ್ದೇ ತಡ, ಅಷ್ಟೂ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಓಡಿದವು. ಪಾರ್ಕಿನ ಮ್ಯಾನೇಜರು ಓಡಿ ಬಂದು, "ಸ್ವಾಮಿ, ನಮ್ಮ ಹೊಟ್ಟೆಪಾಡು, ನೀವು ಇನ್ನೊಂದು ಸಲ ಈ ಕಡೆ ಬರಬೇಡಿ" ಎಂದು ಕೈ ಮುಗಿದ. ನಿನ್ನ ಅಮ್ಮ, ನನ್ನ ಅತ್ತಿಗೆಯನ್ನು ಕೇಳಿದರೆ ಬೇರೆಯೇ ಕಥೆ ಹೇಳುತ್ತಾರೆ. ನಾನು ಕಣ್ಣು ಮುಚ್ಚಿಕೊಂಡು ಮುಂದಿನ ಸೀಟಿನ ಕಂಬಿಯನ್ನು ತಬ್ಬಿಕೊಂಡಿದ್ದೆನಂತೆ. ಅಂಥಾ ಕತ್ತಲೆಯಲ್ಲಿ ಅವರಿಗೆ ಏನು ಕಾಣುತ್ತದೆ, ನೀನೇ ಹೇಳು.

ಅದಿರಲಿ. ನೀನು ಹೇಗಿದ್ದೀಯ? ಪತ್ರದ ಪದ್ಧತಿಗೆ ಕೇಳುತ್ತಿರುವ ಮಾತಲ್ಲ ಇದು, ಉತ್ತರ ಬೇಕು. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಎಡಗಡೆಯ ದವಡೆ ಹಲ್ಲು ಕೀಳಿಸಿದೆಯಾ ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಕಾಲ ತಳ್ಳುತ್ತಿದ್ದೀಯಾ? ಹಡಗಿನವರು ಕೊಟ್ಟ ಬೂಟು ಒಂದು ಸೈಜು ದೊಡ್ಡದು, ಒಳಗೆ ನೀರು ಬರುತ್ತದೆ ಎಂದು ಹಿಂದೊಮ್ಮೆ ಬರೆದಿದ್ದೆಯಲ್ಲ, ಬದಲಾಯಿಸಿದರಾ? ನಿನ್ನ ಕಾಲು ಒಣಗಿದೆಯಾ? ಕೊನೆಯ ಪ್ರಶ್ನೆ ಓದಿ ನಗಬೇಡ. ಯಾಕೆ ಕೇಳಿದೆ ಎಂದು ಮುಂದೆ ಗೊತ್ತಾಗುತ್ತದೆ. ನಿನ್ನ ಕಾರ್ಡು ಬಂದು ಐದು ತಿಂಗಳಾಯಿತು. ಹಡಗು ಕಂಪನಿಯ ಆಫೀಸಿಗೆ ಫೋನು ಮಾಡಿದರೆ ಒಬ್ಬ ಗುಮಾಸ್ತ, "ಹಡಗು ದಾರೀಲಿದೆ ಸಾರ್" ಎನ್ನುತ್ತಾನೆ. ಯಾವಾಗ ಮಾಡಿದರೂ ದಾರಿಯಲ್ಲೇ ಇದೆ. ಸಮುದ್ರದಲ್ಲಿ ದಾರಿ ಎಲ್ಲಿಂದ ಬಂತಪ್ಪಾ ಎಂದು ಕೇಳಿದೆ, ಫೋನು ಇಟ್ಟುಬಿಟ್ಟ.

ಇಲ್ಲಿ ಎಲ್ಲರೂ ಸೌಖ್ಯ. ಅತ್ತಿಗೆಯ ಮಂಡಿ ನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ, ಅಂಗಡಿ ಕಂಡಾಗ ಹೋಗುತ್ತದೆ. ನಿನ್ನ ತಮ್ಮ ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿದ್ದಾನೆ. ಅವನ ಹೆಂಡತಿ ಒಳ್ಳೆಯವಳು, ನನ್ನ ಸುಳ್ಳುಗಳಲ್ಲಿ ಅರ್ಧಕ್ಕಾದರೂ ನಗುತ್ತಾಳೆ. ನನ್ನ ಬೀಗದ ಅಂಗಡಿ ಜೋರಾಗಿದೆ. ಮಾರ್ಕೆಟ್ಟಿನ ಮೂಲೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರೂ, ಈ ಪಟ್ಟಣದಲ್ಲಿ ನಾನು ತೆರೆಯಲಾರದ ಬೀಗ ಇನ್ನೂ ಹುಟ್ಟಿಲ್ಲ. ಮೊನ್ನೆ ನನ್ನ ಪೆಟ್ಟಿಗೆಯ ಕೀಲಿಯನ್ನೇ ಕಳೆದುಕೊಂಡು ಎದುರಿನ ಬೀಗದವನನ್ನು ಕರೆಸಿದೆ. ಅದು ಅವನ ಕೆಲಸ ಹೇಗಿದೆ ಎಂದು ಪರೀಕ್ಷೆ ಮಾಡಲು. ನಿನ್ನ ಕೋಣೆಯ ಬಾಗಿಲಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ಕೀಲಿ ಇದ್ದಲ್ಲೇ ಇದೆ.

ಈಗ ಪ್ರವಾಸದ ಸುದ್ದಿ. ಇದನ್ನು ಹೊರಡಿಸಿದ್ದು ಪುಟ್ಟಿ. ನೀನು ಮನೆ ಬಿಟ್ಟಾಗ ನಿನ್ನ ತಮ್ಮನ ಆ ಮಗು ತೊಟ್ಟಿಲಲ್ಲಿತ್ತು. ಈಗ ಅವಳ ನಾಲಿಗೆ ನನ್ನದಕ್ಕಿಂತ ಒಂದು ಗೇಣು ಉದ್ದ. ಪಕ್ಕದ ಮನೆಯ ಮಕ್ಕಳು ಆಟದ ಪಾರ್ಕಿಗೆ ಹೋಗಿ ಬಂದ ದಿನದಿಂದ ಅವಳದು ಒಂದೇ ಪಟ್ಟು. ನಿನ್ನ ಅಪ್ಪ ಒಪ್ಪುತ್ತಾನೆ ಎಂದು ಯಾರೂ ಅಂದುಕೊಂಡಿರಲಿಲ್ಲ. "ರೈಲು ಇರೋದು ಕೆಲಸಕ್ಕೆ, ಆಟಕ್ಕಲ್ಲ" ಎನ್ನುವ ಆಸಾಮಿ ಅವನು, ಗಾರ್ಡ್ ಕೆಲಸದಿಂದ ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಸೀಟಿ ಇಟ್ಟುಕೊಂಡು ತಿರುಗುವವನು. ಅಂಥವನು ತಟ್ಟೆಯಿಂದ ತಲೆ ಎತ್ತದೆ, "ಹದಿನಾಲ್ಕನೇ ತಾರೀಖು ಹೋಗೋಣ, ಬೆಳಗಿನ ಗಾಡೀಲಿ" ಅಂದುಬಿಟ್ಟ. ಅತ್ತಿಗೆ ಆ ತಾರೀಖು, ಆ ಗಾಡಿ, ಆ ಪಾರ್ಕು ಎಲ್ಲವನ್ನೂ ನಿನಗೆ ಬರೆದು ನನ್ನ ಕೈಯಲ್ಲಿ ಅಂಚೆಗೆ ಹಾಕಿಸಿದರು. "ಬಂದರೆ ಬರಲಿ, ಇವರಿಗೆ ಹೇಳಬೇಡ" ಅಂದರು. ನಾನು ಹೇಳಲಿಲ್ಲ. ಅದು ಬಂತೋ ನಿನ್ನ ಕೈಗೆ?

ಸ್ಟೇಷನ್ನಿಗೆ ನಿನ್ನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ನಾವೆಲ್ಲ ಜಾಗ ಹಿಡಿದು, ಬುತ್ತಿ ಡಬ್ಬಿಗಳನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಗಾಗಿ ಜಗಳವಾಡಿ ಮುಗಿಸಿದರೂ ಅವನು ಒಳಗೆ ಬರಲಿಲ್ಲ. ಬಾಗಿಲಿನ ಕಂಬಿ ಹಿಡಿದು, ಒಂದು ಕಾಲು ಪಾವಟಿಗೆಯ ಮೇಲೆ ಇಟ್ಟು, ಮೇಲ್ಸೇತುವೆಯ ಮೆಟ್ಟಿಲುಗಳ ಕಡೆ ನೋಡುತ್ತಾ ನಿಂತಿದ್ದ. ಗಾಡಿ ಅಲ್ಲಾಡಿತು, ಆಗಲೂ ಅಲ್ಲೇ. "ಏನಣ್ಣಾ, ಹಸಿರು ಬಾವುಟ ಮನೇಲಿ ಮರೆತ್ಯಾ? ನೀನಿಲ್ಲದೆ ಗಾಡಿ ಹೊರಟೇಬಿಡ್ತು ನೋಡು!" ಎಂದು ಕಿಚಾಯಿಸಿದೆ. ಅವನು ತಿರುಗಿ ನೋಡಲಿಲ್ಲ. ಪ್ಲಾಟ್‌ಫಾರ್ಮ್ ಮುಗಿದು ಬೇಲಿ, ಬೇಲಿ ಮುಗಿದು ಗೋಡೌನುಗಳು ಬಂದ ಮೇಲೆ ಒಳಗೆ ಬಂದು ಕೂತ. ಹಳೇ ಕೆಲಸದ ಚಾಳಿ ಎಂದು ನಾನು ಅಂದುಕೊಂಡೆ.

ನಮ್ಮ ಮನೆಯ ಲೆಕ್ಕದ ಚಾಳಿ ನಿನಗೆ ನೆನಪಿದೆಯಲ್ಲ? ಮರೆಯುವಂಥದ್ದಲ್ಲ ಬಿಡು. ಗಾಡಿ ಸುರಂಗದೊಳಗೆ ಹೋಗಿ ಕತ್ತಲೆಯಾದ ಕೂಡಲೇ ನಿನ್ನ ಅಪ್ಪ "ಒಂದು" ಎಂದು ಕೂಗುತ್ತಾನೆ. ಅತ್ತಿಗೆ "ಎರಡು" ಎನ್ನಬೇಕು, ನಾನು "ಮೂರು". ಆಮೇಲೆ ನೀನು, ಆಮೇಲೆ ನಿನ್ನ ತಮ್ಮ ಐದು. ಕತ್ತಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಹೇಳಿ ಮುಗಿಸಿದರೆ ಅವನಿಗೆ ಸಮಾಧಾನ. ನೀನೊಬ್ಬಳು ಮಾತ್ರ ಬೇಕೆಂದೇ ತಡ ಮಾಡುತ್ತಿದ್ದೆ. ಅಪ್ಪ ಸೀಟಿನಲ್ಲಿ ಮಿಸುಕಾಡಲಿ ಎಂದು ಉಸಿರು ಬಿಗಿಹಿಡಿದು, ಇನ್ನೇನು ಅವನು ಎದ್ದೇಬಿಟ್ಟ ಎನ್ನುವಾಗ "ನಾಲ್ಕೂ..." ಎಂದು ರಾಗ ಎಳೆಯುತ್ತಿದ್ದೆ. ಆ ಕಳ್ಳಾಟ ಕಲಿಸಿದವನು ನಾನೇ, ಅದು ಬೇರೆ ಮಾತು. ಆರನೇ ವಯಸ್ಸಿಗೆ ಅಪ್ಪನ ಗಾರ್ಡ್ ಲಾಟೀನನ್ನು ಬಿಚ್ಚಿ, ಇದ್ದ ಹಾಗೆ ಜೋಡಿಸಿಟ್ಟವಳು ನೀನು. ಅವತ್ತು ಬೈಯಬೇಕಾದವನು ಅದನ್ನು ಎತ್ತಿಕೊಂಡು ಇಡೀ ಸ್ಟೇಷನ್ನಿಗೆ ತೋರಿಸಿ ಬಂದ. ಅದೇ ಮನುಷ್ಯ, ನೀನು ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೊರಟ ದಿನ ಬಾಗಿಲಲ್ಲಿ ನಿಂತು, "ಹಳಿ ಇಲ್ಲದ ಕಡೆ ಹೋಗೋರು ನನ್ನ ಲೆಕ್ಕದಲ್ಲಿಲ್ಲ" ಅಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರಾದ ಮೇಲೆ ಐದು. ನಿನ್ನ ತಮ್ಮನನ್ನು ನಾಲ್ಕು ಮಾಡಿ, ಅವನ ಹೆಂಡತಿಯನ್ನು ಐದು ಮಾಡಿ ಎಂದು ಯಾರೋ ಅಂದದ್ದಕ್ಕೆ ಅತ್ತಿಗೆ ಎರಡು ದಿನ ಮಾತು ಬಿಟ್ಟರು. ಹಾಗಾಗಿ ಸೊಸೆ ಆರಾಗಿಯೇ ಉಳಿದಳು, ಪುಟ್ಟಿ ಏಳಾದಳು. ನಡುವೆ ಒಂದು ಹಲ್ಲು ಬಿದ್ದ ಜಾಗ. ನಾವೆಲ್ಲ ನಾಲಿಗೆಯಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇವೆ, ಮಾತಾಡುವುದಿಲ್ಲ.

ಅವತ್ತೂ ಹೋಗುವಾಗ ಸುರಂಗ ಬಂತು. ಒಂದು, ಎರಡು, ಮೂರು. ಗಾಲಿಗಳ ಸದ್ದು. ಐದು, ಆರು, ಏಳು. ಪುಟ್ಟಿ ಏಳನ್ನು ಎಷ್ಟು ಜೋರಾಗಿ ಕಿರುಚಿದಳೆಂದರೆ ಎದುರು ಸೀಟಿನ ಮುದುಕಪ್ಪ ಎದ್ದು ಕೂತು, "ಯಾವ ಸ್ಟೇಷನ್ನಪ್ಪಾ?" ಎಂದು ಕೇಳಿದ. ಎಲ್ಲರೂ ನಕ್ಕೆವು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಪಾರ್ಕಿನ ಟಿಕೆಟ್ಟು ಕೊಳ್ಳುವ ಜವಾಬ್ದಾರಿ ನನ್ನದು, ಏಕೆಂದರೆ ಗೇಟಿನ ಮ್ಯಾನೇಜರು ನನ್ನ ಜೀವದ ಗೆಳೆಯ ಎಂದು ಮನೆಯಲ್ಲಿ ಹೇಳಿದ್ದೆ. ಅವನನ್ನು ನಾನು ಅವತ್ತೇ ಮೊದಲು ನೋಡಿದ್ದು. ನಿನ್ನ ಅಪ್ಪ ಮಡಿಸಿದ ನೋಟುಗಳನ್ನು ನನ್ನ ಅಂಗೈಯಲ್ಲಿಟ್ಟು, "ಎಲ್ಲರಿಗೂ ತಗೋ" ಎಂದಷ್ಟೇ ಹೇಳಿ, ಗೇಟಿಗೆ ಬೆನ್ನು ಮಾಡಿ, ಬಸ್ಸುಗಳು ನಿಲ್ಲುವ ಕಡೆ ಮುಖ ಮಾಡಿ ನಿಂತ. ಕೌಂಟರಿನ ಪಕ್ಕದ ಗೋಡೆಯಲ್ಲಿ ಕೆಂಪು ಗೆರೆ ಎಳೆದಿದ್ದರು. ಅದಕ್ಕಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ಟಿಲ್ಲ. ನಾನು ಪುಟ್ಟಿಯ ಕಿವಿಯಲ್ಲಿ, "ಸ್ವಲ್ಪ ಮಂಡಿ ಬಗ್ಗಿಸು ಕಂದಾ" ಅಂದೆ. ಅವಳು ಇಡೀ ಸಾಲಿಗೆ ಕೇಳುವ ಹಾಗೆ, "ಯಾಕೆ ತಾತಾ, ನಾನು ಕುಳ್ಳಿ ಅಂತ ಸುಳ್ಳು ಹೇಳಬೇಕಾ?" ಅಂದಳು. ಆರು ಪೂರ್ತಿ ಟಿಕೆಟ್ಟು ಕೊಂಡೆ. ಕೈಯಲ್ಲಿ ಒಂದಿಷ್ಟು ಚಿಲ್ಲರೆ ಉಳಿಯಿತು.

ಆ ಚಿಲ್ಲರೆಯನ್ನು ನಾನು ಒಂದು ಒಳ್ಳೆಯ ಕೆಲಸಕ್ಕೆ ಹಾಕಿದೆ. ಬಾಟಲಿಗಳ ಕುತ್ತಿಗೆಗೆ ಬಳೆ ಎಸೆಯುವ ಆಟ ಗೊತ್ತಲ್ಲ? ಬಹುಮಾನಗಳ ಸಾಲಿನಲ್ಲಿ ಬೊಂಬೆಗಳ ಮಧ್ಯೆ ಒಂದು ಪುಟ್ಟ ತಗಡಿನ ಲಾಟೀನು ನೇತಾಡುತ್ತಿತ್ತು. ಕೆಂಪು ಗಾಜಿನದು, ಅಂಗೈಯಷ್ಟು. ನಿನ್ನ ಕೋಣೆಯ ಬಾಗಿಲಿಗೆ ತೂಗುಹಾಕಿದರೆ ಚೆನ್ನಾಗಿರುತ್ತದೆ ಅನ್ನಿಸಿತು. ನಾನು ಚಿಕ್ಕಂದಿನಲ್ಲಿ ಕಲ್ಲೆಸೆದು ಹಾರುವ ಕಾಗೆಯ ಕೊಕ್ಕಿನಿಂದ ಹಣ್ಣು ಉದುರಿಸಿದವನು, ನನಗೆ ಬಾಟಲಿ ಯಾವ ಲೆಕ್ಕ! ಆದರೆ ಆ ಬಳೆಗಳಲ್ಲೇ ಏನೋ ಮೋಸವಿತ್ತು. ಇಪ್ಪತ್ತು ಹೋಯಿತು. ಆಟದವನು, "ಅಣ್ಣಾ, ನಿಮ್ಮ ಕೈ ಕುದುರಿತು ನೋಡಿ, ಇನ್ನೊಂದೇ ಒಂದು" ಎನ್ನುತ್ತಾ ನನ್ನನ್ನು ಹುರಿದುಂಬಿಸಿದ. ಹೇಳಿದೆನಲ್ಲ, ಇಪ್ಪತ್ತು ರೂಪಾಯಿ ಹೋಯಿತು.

ನೀರಾಟ ಆಡಿ, ಬುತ್ತಿ ಬಿಚ್ಚಿ ಉಂಡು, ತಿರುಗುವ ಬಟ್ಟಲುಗಳಲ್ಲಿ ಕೂತು ನಾನು ಉಂಡದ್ದನ್ನೆಲ್ಲ ವಾಪಸು ಕೊಟ್ಟ ಮೇಲೆ (ಇದನ್ನು ಯಾರಿಗೂ ಹೇಳಬೇಡ) ದೆವ್ವದ ಗುಹೆಗೆ ಬಂದೆವು. ಅದಕ್ಕೂ ಒಂದು ರೈಲು. ಮಕ್ಕಳಾಟದ ಗಾಡಿ, ಇಬ್ಬಿಬ್ಬರು ಕೂರುವ ನಾಲ್ಕು ಡಬ್ಬಿ. ಮುಂದೆ ನಿನ್ನ ಅಪ್ಪ ಅಮ್ಮ, ಎರಡನೆಯದರಲ್ಲಿ ನಿನ್ನ ತಮ್ಮ ಮತ್ತು ಸೊಸೆ, ಮೂರನೆಯದರಲ್ಲಿ ನಾನು ಮತ್ತು ಪುಟ್ಟಿ. ಕೊನೆಯ ಡಬ್ಬಿ ಖಾಲಿ. ನಿನ್ನ ಅಪ್ಪನಿಗೆ ಅಲ್ಲೇ ಕೂರಬೇಕಿತ್ತು. ಗಾರ್ಡು ತಾನೇ, ಬಾಲದಲ್ಲಿ ಕೂರದಿದ್ದರೆ ಗಾಡಿ ಹೊರಟ ಹಾಗೇ ಅಲ್ಲ ಅವನಿಗೆ. ಗಾಡಿ ನಡೆಸುವ ಹೆಂಗಸು ಬಿಡಲಿಲ್ಲ. ಕುತ್ತಿಗೆಯಲ್ಲಿ ಕೀಲಿಗೊಂಚಲು ಹಾಕಿಕೊಂಡಿದ್ದ ಗಟ್ಟಿ ಹೆಂಗಸು. "ಅದರ ಅಡ್ಡಕಂಬಿ ಕೂರ್ತಾ ಇಲ್ಲ ಯಜಮಾನ್ರೇ, ಅದರಲ್ಲಿ ಯಾರನ್ನೂ ಕೂರಿಸಲ್ಲ" ಅಂದಳು.

ಒಳಗೆ ಹೋದೆವು. ಬಾಗಿಲು ಮುಚ್ಚಿದ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲೆ. ಮೇಲಿಂದ ತಣ್ಣಗೆ ಹನಿ ಬೀಳುತ್ತಿತ್ತು. ಎಡಕ್ಕೆ ಒಂದು ದೆವ್ವ ಎದ್ದಿತು, ಬಲಕ್ಕೆ ಒಂದು ನಕ್ಕಿತು. ನನ್ನ ಪರಾಕ್ರಮದ ವಿಷಯ ಆಗಲೇ ಬರೆದಿದ್ದೇನೆ. ಮೊದಲನೇ ತಿರುವು ದಾಟಿ ಎಲ್ಲ ಸದ್ದೂ ನಿಂತಾಗ, ಮುಂದಿನ ಡಬ್ಬಿಯಿಂದ ನಿನ್ನ ಅಪ್ಪ, ತನಗೇ ಗೊತ್ತಿಲ್ಲದೆ ಇರಬೇಕು, "ಒಂದು" ಅಂದ. ಅತ್ತಿಗೆ ನಗುತ್ತಾ "ಎರಡು" ಅಂದರು. ನಾನು ಮೂರು ಅಂದೆ. ನಿನ್ನ ತಮ್ಮ ಐದು ಅನ್ನಲು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಕೊರಳಿಗೆ ತಾಗುವಷ್ಟು ಹತ್ತಿರ, "ನಾಲ್ಕೂ..."

ಅದೇ ರಾಗ, ಮಗಳೇ. ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಏರುತ್ತಿತ್ತಲ್ಲ, ಈಗ ಬೈತೀಯೇನು ಬೈ ಎನ್ನುವ ಹಾಗೆ, ಅದೂ ಇತ್ತು.

ಯಾರೂ ಐದು ಅನ್ನಲಿಲ್ಲ. ಉಳಿದ ದೆವ್ವಗಳು ತಮ್ಮ ಪಾಡಿಗೆ ಎದ್ದು ಕೂಗಿ ಮಲಗಿದವು, ಪುಟ್ಟಿ ಕೂಡ ಕಿರುಚಲಿಲ್ಲ. ಗಾಡಿ ಬೆಳಕಿಗೆ ಬಂದಾಗ, ಅದು ಪೂರ್ತಿ ನಿಲ್ಲುವ ಮೊದಲೇ ನಿನ್ನ ಅಪ್ಪ ಎದ್ದು ಹಿಂದಕ್ಕೆ ತಿರುಗಿದ್ದ. ಕೊನೆಯ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ಸೀಟು ಒದ್ದೆಯಾಗಿತ್ತು. ಗುಹೆಯ ಸೂರಿನಿಂದ ಹನಿ ಬೀಳುತ್ತಿತ್ತು ಎಂದೆನಲ್ಲ, ನಮ್ಮ ಸೀಟುಗಳೂ ಒದ್ದೆಯೇ. ಆದರೆ ಅದರಷ್ಟಲ್ಲ.

ನಿನ್ನ ತಮ್ಮ ನನ್ನ ಮೇಲೆ ಹರಿಹಾಯ್ದ. "ಚಿಕ್ಕಪ್ಪಾ, ತಮಾಷೆಗೂ ಒಂದು ಮಿತಿ ಬೇಡ್ವಾ? ಅಮ್ಮನ ಮುಖ ನೋಡು ಒಂದ್ಸಲ!" ಅವನ ತಪ್ಪಿಲ್ಲ. ಸ್ಟೇಷನ್ ಮಾಸ್ಟರ ದನಿಯಲ್ಲಿ ಫೋನು ಮಾಡಿ ನಿನ್ನ ಅಪ್ಪನನ್ನು ರಜೆಯ ದಿನ ಡ್ಯೂಟಿಗೆ ಓಡಿಸಿದವನು ನಾನು. ನೀನು ಸಿನಿಮಾಕ್ಕೆ ಹೋಗಿದ್ದಾಗ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ನಿನ್ನ ದನಿಯಲ್ಲಿ "ಬಂದೆ ಅಪ್ಪಾ" ಅಂದವನೂ ನಾನೇ. ತೋಳ ಬಂತು ತೋಳ ಎಂದು ನಾನು ಕೂಗದ ದಿನವಿಲ್ಲ. ಈ ಸಲ ನಾನಲ್ಲ. ನನ್ನ ಪೆಟ್ಟಿಗೆ ಅಂಗಡಿಯ ಆಣೆ, ನನ್ನ ಎರಡು ಕೈಗಳ ಆಣೆ, ನಾನಲ್ಲ. ಅತ್ತಿಗೆ ಬೈಯಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ನನ್ನ ಬಾಯನ್ನೇ ನೋಡುತ್ತಾ, "ನೀನೇ ತಾನೇ ಅಪ್ಪಾ? ನೀನೇ ಅಂತ ಹೇಳಿಬಿಡು. ನಾನು ಏನೂ ಅನ್ನಲ್ಲ. ನೀನೇ ಅಂತ ಒಂದು ಮಾತು ಹೇಳು" ಅಂದರು. ಐದು ತಿಂಗಳಿಂದ ಕಾರ್ಡಿಲ್ಲದ ತಾಯಿ ಅದು. ಬದುಕಿರುವವರ ದನಿ ಅಷ್ಟು ದೂರದಿಂದ ಬರಬೇಕಾದರೆ ಟೆಲಿಫೋನು ಬೇಕು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಹೌದು ನಾನೇ ಅಂದಿದ್ದರೆ ಮುಗಿಯುತ್ತಿತ್ತು. ಹುಟ್ಟಿದಾಗಿನಿಂದ ಬರೀ ಸುಳ್ಳೇ ಹೇಳಿಕೊಂಡು ಬಂದವನಿಗೆ, ಬೇಕಾದ ಹೊತ್ತಿನಲ್ಲಿ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

ಪುಟ್ಟಿಯನ್ನು ಕೇಳಿದೆ, ಸುಮ್ಮನೆ ಕೇಳಿದ ಹಾಗೆ. "ಹಿಂದೆ ಅತ್ತೆ ಕೂತಿದ್ಲಲ್ಲ, ಅವಳು ಹೇಳಿದ್ದು" ಅಂದಳು. ನೋಡಿದ್ಯಾ ಕಂದಾ ಎಂದರೆ, "ಮುಖ ಕಾಣಲಿಲ್ಲ ತಾತಾ, ಕತ್ತಲೆ. ಬೂಟು ಪಚಕ್ ಪಚಕ್ ಅಂತಿತ್ತು" ಅಂದಳು. ಅವಳಿಗೆ ನಿನ್ನ ಬೂಟಿನ ಕಥೆ ಯಾರೂ ಹೇಳಿಲ್ಲ. ಅಥವಾ ನಾನೇ ಯಾವಾಗಲೋ ಹೇಳಿರಬಹುದು, ನನ್ನ ಬಾಯಿ ಗೊತ್ತಲ್ಲ. ನೀರಾಟದ ಕಡೆಯಿಂದ ಬಂದವರ ಕಾಲಲ್ಲಿ ಎಲ್ಲರ ಚಪ್ಪಲಿಯೂ ಪಚಕ್ ಅನ್ನುತ್ತದೆ. ಹೀಗೆ ನಾನು ನನಗೇ ಐದು ದಿನದಿಂದ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ನಿನ್ನ ಅಪ್ಪ ನಮ್ಮನ್ನು ಬಿಟ್ಟು ನಡೆದಿದ್ದ. ಗುಹೆಯಿಂದ ಹೊರಬರುವ ಬಾಗಿಲಿನ ಎದುರು ಒಂದು ಕಲ್ಲುಬೆಂಚಿತ್ತು, ಅದರ ಮೇಲೆ ಕೂತ. ನಾವು ಕರೆದೆವು, ಏಳಲಿಲ್ಲ. ಗಾಡಿ ಒಳಗೆ ಹೋಗಿ ಹೊರಗೆ ಬಂದಾಗಲೆಲ್ಲ ಇಳಿಯುವವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದ. ಬಿಸಿಲು ಇಳಿಯಿತು, ಐಸ್‌ಕ್ರೀಮಿನವನು ಡಬ್ಬ ತೊಳೆದ, ಪಾರ್ಕು ಮುಚ್ಚುವ ಗಂಟೆ ಬಾರಿಸಿದರು. ಗಾಡಿಯ ಹೆಂಗಸು ಬಂದು, "ಯಜಮಾನ್ರೇ, ಇನ್ನು ಗಾಡಿ ಇಲ್ಲ. ಎಲ್ಲರೂ ಇಳಿದಾಯ್ತು" ಅಂದಳು. ಆಗ ನಿನ್ನ ಅಪ್ಪ ಎದ್ದು ನಿಂತು, ಡ್ಯೂಟಿಯಲ್ಲಿದ್ದಾಗ ಮಾತಾಡುತ್ತಿದ್ದ ದನಿಯಲ್ಲಿ ಹೇಳಿದ, "ಇಲ್ಲಮ್ಮ. ನಾವು ಏಳು ಟಿಕೆಟ್ಟಿನವರು. ಆರು ಜನ ಹೊರಗೆ ಬಂದಿದ್ದೀವಿ. ಒಬ್ಬಳು ಇನ್ನೂ ಒಳಗಿದ್ದಾಳೆ."

ನಿನ್ನ ತಮ್ಮ ಮತ್ತು ಸೊಸೆ ಮುಖ ಮುಖ ನೋಡಿಕೊಂಡರು. ಅಪ್ಪನ ತಲೆ ಕೈಕೊಟ್ಟಿತು ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನನ್ನ ಕೈ ನನ್ನ ಜೇಬಿಗೆ ಹೋಯಿತು. ಅಲ್ಲಿ ಗೇಟಿನಲ್ಲಿ ಹರಿದುಕೊಟ್ಟ ಆರು ಅರ್ಧಚೀಟಿಗಳಿದ್ದವು. ನಾನು ಬಾಯಿ ಬಿಡಲಿಲ್ಲ.

ಆ ಹೆಂಗಸು ದೊಡ್ಡ ಮನಸ್ಸಿನವಳು. ವಾದ ಮಾಡದೆ ಒಳಗಿನ ದೀಪಗಳನ್ನೆಲ್ಲ ಹಾಕಿ, "ಬನ್ನಿ, ನೋಡಿಬಿಡೋಣ" ಅಂದಳು. ನಾನೂ ಹಿಂದೆ ಹೋದೆ. ಬೆಳಕಿನಲ್ಲಿ ದೆವ್ವಗಳನ್ನು ನೋಡಬಾರದು, ಮಗಳೇ, ಅಯ್ಯೋ ಅನ್ನಿಸುತ್ತದೆ. ಸುಣ್ಣದ ಮುಖ, ಹಿಂದೆ ಗೋಣಿಚೀಲ, ಕೈ ಎತ್ತಿಸಲು ತಾಮ್ರದ ತಂತಿ. ತಲೆಯನ್ನು ಕಂಕುಳಲ್ಲಿಟ್ಟುಕೊಂಡಿದ್ದವನಿಗೆ ಒಂದು ಹೆಬ್ಬೆರಳು ಮುರಿದಿತ್ತು. ಕೂಗು ಬರುವುದು ಒಂದು ಪೆಟ್ಟಿಗೆಯಿಂದ. ಅದರಲ್ಲಿ ಬೇರೆ ಏನಾದರೂ ಇದೆಯಾ ಎಂದು ನಾನೇ ಕೇಳಿದೆ. ಹಾಕಿ ಕೇಳಿಸಿದಳು: ಒಂದು ಕಿರುಚಾಟ, ಒಂದು ನಗು, ಮತ್ತೆ ಅದೇ ಕಿರುಚಾಟ, ಅದೇ ನಗು. ಅಷ್ಟೇ. ನಿನ್ನ ಅಪ್ಪ ಚಿಕ್ಕ ಹಳಿಗಳ ನಡುವೆ ಅಡ್ಡಪಟ್ಟಿಯಿಂದ ಅಡ್ಡಪಟ್ಟಿಗೆ ಕಾಲಿಡುತ್ತಾ, ಪ್ರತಿ ದೆವ್ವದ ಬೆನ್ನ ಹಿಂದೆಯೂ ಬಗ್ಗಿ ನೋಡುತ್ತಾ ಹೋದ. ಮೊದಲನೇ ತಿರುವಿನಲ್ಲಿ ನಿಂತು "ನಾಲ್ಕು?" ಅಂದ. ಲೆಕ್ಕ ಹಾಕುವ ದನಿಯಲ್ಲ. ನೀನು ಜ್ವರ ಬಂದು ಮಲಗಿದ್ದಾಗ ಕೋಣೆಯ ಬಾಗಿಲಲ್ಲಿ ನಿಂತು, ಎಚ್ಚರವಿದ್ದೀಯೇನೋ ಎಂದು ಮೆಲ್ಲಗೆ ಕರೆಯುತ್ತಿದ್ದನಲ್ಲ, ಹಾಗೆ. ಮತ್ತೊಂದು ಸಲ ಕರೆದ. ಹನಿ ಬೀಳುವ ಸದ್ದು ಬಿಟ್ಟರೆ ಏನಿಲ್ಲ. ಆ ಹೆಂಗಸು ಯಾರನ್ನೂ ನೋಡದೆ ಮಂಡಿಯೂರಿ, ಕೊನೆಯ ಡಬ್ಬಿಯ ಸೀಟಿನ ಕೆಳಗೆ ತಾನೂ ಒಮ್ಮೆ ನೋಡಿ ಎದ್ದಳು. ಹೊರಗೆ ಬರುವಾಗ ನಿನ್ನ ಅಪ್ಪ ಅವಳಿಗೆ, "ಬಾಲದ ದೀಪ ಕಾಣೋವರೆಗೆ ಗಾಡಿ ಪೂರ್ತಿ ಬಂತು ಅಂತ ಬರೆಯೋ ಹಾಗಿಲ್ಲಮ್ಮ, ನಮ್ಮ ಕೆಲಸದಲ್ಲಿ" ಅಂದ, ಕ್ಷಮೆ ಕೇಳುವವನ ಹಾಗೆ.

ವಾಪಸು ಗಾಡಿಯಲ್ಲಿ ಸುರಂಗ ಬಂತು. ಈ ಸಲ ಕೂಗುವುದಿಲ್ಲ ಅಂದುಕೊಂಡಿದ್ದೆ. ಕೂಗಿದ. ಒಂದು. ಎರಡು. ನಾನು ಮೂರು ಅಂದೆ, ನನ್ನ ಮೂರು ನನಗೇ ಕೇಳಿಸಲಿಲ್ಲ. ನಿನ್ನ ತಮ್ಮ "ಐ" ಎನ್ನುತ್ತಿದ್ದ ಹಾಗೆ ನಿನ್ನ ಅಪ್ಪ ಅವನ ಮಂಡಿಯ ಮೇಲೆ ಕೈ ಇಟ್ಟ. ಅವನು ಸುಮ್ಮನಾದ. ಸುರಂಗ ಮುಗಿಯುವವರೆಗೆ ನಾವು ಆರೂ ಜನ ಕಿವಿ ತೆರೆದುಕೊಂಡು ಕೂತಿದ್ದೆವು. ನಿನಗೆ ಹೇಗೆ ಹೇಳಲಿ, ಕೇಳಿಸಬಾರದು ಎಂದು ಹೆದರಿಕೆ, ಕೇಳಿಸಲಿ ಎಂದು ಆಸೆ, ಎರಡೂ ಒಟ್ಟಿಗೆ. ಬೆಳಕು ಬಂತು. ಲೆಕ್ಕ ಮೂರರಲ್ಲೇ ನಿಂತಿತ್ತು.

ಇನ್ನೂ ಅಲ್ಲೇ ನಿಂತಿದೆ. ಮಲಗುವ ಮುಂಚೆ ನಿನ್ನ ಅಪ್ಪ ನಡುಮನೆಯಲ್ಲಿ ನಿಂತು "ಒಂದು" ಎನ್ನುತ್ತಾನೆ. ನಾವು ಎರಡು, ಮೂರು ಎನ್ನುತ್ತೇವೆ. ಅವನು ಕಾಯುತ್ತಾನೆ. ಆಮೇಲೆ ಮುಂಬಾಗಿಲನ್ನು ಹಾಗೇ ತೆರೆದಿಟ್ಟು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಲೆಕ್ಕ ಪೂರ್ತಿಯಾಗದೆ ಬಾಗಿಲು ಹಾಕುವ ಹಾಗಿಲ್ಲವಂತೆ. ಪಟ್ಟಣಕ್ಕೇ ಬೀಗ ಹಾಕಿಕೊಡುವವನ ಮನೆಯ ಬಾಗಿಲು ಐದು ದಿನದಿಂದ ತೆರೆದೇ ಇದೆ. ಹೊರಗೆ ಯಾರಿಗೂ ಹೇಳಬೇಡ, ನನ್ನ ವ್ಯಾಪಾರ ಕೆಡುತ್ತದೆ. ನಿನ್ನ ತಮ್ಮ ಡಾಕ್ಟರಿಗೆ ತೋರಿಸೋಣ ಎನ್ನುತ್ತಾನೆ. ಅತ್ತಿಗೆ ಬಾಗಿಲಿನಿಂದ ಬರುವ ಗಾಳಿಗೆ ಅವನ ಹೆಗಲಿಗೆ ಒಂದು ಶಾಲು ಹೊದಿಸಿ ಒಳಗೆ ಹೋಗುತ್ತಾರೆ.

ಆದ್ದರಿಂದ ಲಾಟೀನಮ್ಮ, ಈ ಕಾಗದ ನೋಡಿದ ಕೂಡಲೇ ಒಂದು ಕಾರ್ಡು ಹಾಕು. ಉದ್ದ ಬೇಡ. ಕೋಪ ಇದ್ದರೆ ಕೋಪವನ್ನೇ ಬರೆ, ಬೈಗುಳ ಬರೆ, ಏನೂ ತೋಚದಿದ್ದರೆ ನಿನ್ನ ಸಂಖ್ಯೆ ಒಂದನ್ನೇ ಬರೆ. ಅಕ್ಷರ ನಿನ್ನದಾಗಿದ್ದರೆ ಸಾಕು. ಯಾವುದೋ ಬಂದರಿನಲ್ಲಿ ಕಾಲು ಚಾಚಿ ಕೂತು, ಚಿಕ್ಕಪ್ಪನಿಗೆ ಹುಚ್ಚು ಎಂದು ನೀನು ನಗುತ್ತಿರಬೇಕು. ಹಾಗೆ ನಗುತ್ತಿದ್ದೀಯ ಎಂದು ಅಂದುಕೊಂಡೇ ಇಷ್ಟು ಬರೆದೆ.

ಅತ್ತಿಗೆಯ ಆಶೀರ್ವಾದ, ತಮ್ಮನ ಮತ್ತು ಅವನ ಹೆಂಡತಿಯ ನೆನಪುಗಳು. ಪುಟ್ಟಿ ಈ ಹಾಳೆಯ ಹಿಂದೆ ಒಂದು ರೈಲು ಬರೆದಿದ್ದಾಳೆ, ಕೊನೆಯ ಡಬ್ಬಿಯಲ್ಲಿ ಯಾರು ಎಂದು ನಾನು ಕೇಳಿಲ್ಲ. ನಿನ್ನ ಅಪ್ಪನ ಕಡೆಯಿಂದ ಏನು ಬರೆಯಲಿ ಎಂದು ಗೊತ್ತಾಗುತ್ತಿಲ್ಲ, ಅವನು ಬಾಗಿಲಲ್ಲಿದ್ದಾನೆ. ನೀರಿನ ಮೇಲಿರು, ನೂರು ಕಾಲ ಇರು.

ಎಂದೆಂದಿಗೂ ನಿನ್ನ,
ದೆವ್ವಗಳ ಗಂಡ, ಬೀಗಗಳ ದೊರೆ,
ಚಿಕ್ಕಪ್ಪ

ಮತ್ತೆ: ಅಂಚೆ ಪೆಟ್ಟಿಗೆ ಖಾಲಿ ಮಾಡುವವನ ಸೈಕಲ್ಲು ಬೀದಿಯ ತುದಿಗೆ ಬಂದಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನ ಅಪ್ಪನ ತಲೆ ಸರಿಯಾಗಿಯೇ ಇದೆ. ಅವನು ನನ್ನ ಅಂಗೈಯಲ್ಲಿಟ್ಟದ್ದು ಏಳು ಟಿಕೆಟ್ಟಿನ ದುಡ್ಡು. ಚಿಲ್ಲರೆ ಅಂದೆನಲ್ಲ, ಅದು ಚಿಲ್ಲರೆಯಲ್ಲ. ಕೌಂಟರಿನಲ್ಲಿ ನಾನು ಎಣಿಸಿ, ಮುದುಕ ಲೆಕ್ಕ ತಪ್ಪಿದ, ಇವನೂ ಒಮ್ಮೆ ತಪ್ಪಿದ ಎಂದು ಒಳಗೊಳಗೇ ಕುಣಿದಾಡಿದೆ. ಅವನು ತಪ್ಪಿರಲಿಲ್ಲ. ಬಾಯಲ್ಲಿ ಮೂರಾದ ಮೇಲೆ ಐದು ಎಂದರೂ ಕೈಯಲ್ಲಿ ನಿನ್ನನ್ನು ಎಣಿಸಿಯೇ ಕೊಟ್ಟಿದ್ದ. ಸ್ಟೇಷನ್ನಿನ ಮೆಟ್ಟಿಲು ನೋಡಿದ್ದು, ಬಸ್ಸಿನ ಕಡೆ ತಿರುಗಿ ನಿಂತದ್ದು, ಎಲ್ಲ ನಿನಗಾಗಿ. ಅತ್ತಿಗೆ ಬರೆದದ್ದು ಅವನಿಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ರಾತ್ರಿ ಮಲಗಿದರೆ ಒಂದೇ ಪ್ರಶ್ನೆ: ನೀನು ಬಂದು ಗೇಟಿನಲ್ಲಿ ನಿನ್ನ ಟಿಕೆಟ್ಟು ಕೇಳಿದ್ದರೆ? ಟಿಕೆಟ್ಟಿಲ್ಲದೆ ನೀನು ಒಳಗೆ ಹೇಗೆ ಬಂದೆ, ಮಗಳೇ? ಇವತ್ತು ಬಾಗಿಲ ಬಳಿ ಹೋಗಿ ಅಣ್ಣನ ಮುಂದೆ ನಿಂತು ಹೇಳುತ್ತೇನೆ. ಆ ಕೆಂಪು ಲಾಟೀನಿಗೆ ಬಳೆ ಎಸೆದು ನಾನು ಕಳೆದದ್ದು ಇಪ್ಪತ್ತಲ್ಲ. ಆರುನೂರ ಐವತ್ತು. ಒಂದು ಪೂರ್ತಿ ಟಿಕೆಟ್ಟು.